ಉತ್ತರ ಸರಿ, ಅಂಕ ಎರಡು

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಿಂದ ಪಾಲಕರೊಬ್ಬರು ಈ ಅಂಕಣಕ್ಕೆ ನಾಲ್ಕು ಪುಟದ ಪತ್ರ ಬರೆದಿದ್ದರು. ಮಗ ದ್ವಿತೀಯ ಪಿಯುಸಿಯಲ್ಲಿ ಗಣಿತಕ್ಕೆ 97 ಅಂಕ ತೆಗೆದವನು. ಸಿಇಟಿಯಲ್ಲೂ ಒಳ್ಳೆಯ ರ್‍ಯಾಂಕು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು. ಊರಲ್ಲಿ ಸಿಹಿ ಹಂಚಿದ್ದಾಯಿತು. ಮೊದಲ ಸೆಮಿಸ್ಟರಿನ ಮೊದಲ ಟೆಸ್ಟ್ ಮುಗಿದು ಗಣಿತದ ಅಂಕ ಬಂದಾಗ ನೋಡಿದರೆ 25ಕ್ಕೆ 8. 'ಮೇಷ್ಟ್ರಿಗೆ ನಮ್ಮ ಹುಡುಗನ ಮೇಲೆ ಏನಾದರೂ ಸಿಟ್ಟೇ? ಕಾಲೇಜು ಬದಲಾಯಿಸಬಹುದೇ? ಟ್ಯೂಷನ್ ಹಾಕಿಸಬೇಕೇ?' ಎಂದು ತಂದೆಯ ಪ್ರಶ್ನೆಗಳು. ಪತ್ರದ ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಎರಡು ಸಾಲು ಇತ್ತು. ತಾಯಿ ಬರೆದದ್ದು. 'ಫೋನ್ ಮಾಡಿದರೆ ಊಟ ಆಯ್ತಾ ಅಂದ್ರೂ ಸರಿಯಾಗಿ ಮಾತಾಡ್ತಿಲ್ಲ. ಓದು ಬಿಟ್ಟು ಬಂದುಬಿಡ್ತೀನಿ ಅಂತಾನೆ.'

ತಂದೆಯ ನಾಲ್ಕು ಪುಟಕ್ಕಿಂತ ಆ ಎರಡು ಸಾಲು ನನ್ನನ್ನು ಹೆಚ್ಚು ಕಾಡಿತು. ನಾನು ಮರುಟಪಾಲಿಗೆ ಒಂದೇ ಮಾತು ಬರೆದೆ: ಹುಡುಗನ ಬ್ಲೂ ಬುಕ್ಕಿನ ಜೆರಾಕ್ಸ್ ಕಳಿಸಿ.

ಬ್ಲೂ ಬುಕ್ ಎಂದರೇನೆಂದು ಅನೇಕ ಪಾಲಕರಿಗೆ ಗೊತ್ತಿರುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಂತರಿಕ ಪರೀಕ್ಷೆ ಬರೆಯುವ ಪುಸ್ತಕ ಅದು. ಮೇಷ್ಟ್ರು ತಿದ್ದಿ, ಅಂಕ ಹಾಕಿ, ಅದನ್ನು ಹುಡುಗರಿಗೆ ತೋರಿಸುತ್ತಾರೆ. ಹುಡುಗರು ಒಟ್ಟು ಅಂಕ ಎಷ್ಟೆಂದು ನೋಡಿ, ಕೂಡಿದ್ದು ಸರಿಯಿದೆಯೇ ಎಂದು ಪರೀಕ್ಷಿಸಿ, ಸಹಿ ಹಾಕಿ ವಾಪಸು ಕೊಡುತ್ತಾರೆ. ಐದು ನಿಮಿಷದ ಕೆಲಸ. ಒಳಗಿನ ಪುಟ ತಿರುವಿ ಯಾವ ಸಾಲಿನ ಮುಂದೆ ಎಷ್ಟು ಅಂಕ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ನೋಡುವವರು ತರಗತಿಗೆ ನಾಲ್ಕೈದು ಮಂದಿ. ಆ ನಾಲ್ಕೈದು ಮಂದಿಯ ಎರಡನೆಯ ಟೆಸ್ಟು ಯಾವತ್ತೂ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಇಪ್ಪತ್ತಾರು ವರ್ಷ ಪಾಠ ಮಾಡಿದ ಮೇಲೆ ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಜೆರಾಕ್ಸ್ ಬಂತು. ಅದರಲ್ಲಿ ಒಂದು ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಲೆಕ್ಕ ಇದು. 80 ಡಿಗ್ರಿ ಬಿಸಿ ಇರುವ ಒಂದು ವಸ್ತುವನ್ನು 40 ಡಿಗ್ರಿಯ ಗಾಳಿಯಲ್ಲಿ ಇಟ್ಟಿದೆ. 20 ನಿಮಿಷದಲ್ಲಿ ಅದು 60 ಡಿಗ್ರಿಗೆ ಇಳಿಯುತ್ತದೆ. ಶುರುವಾಗಿ 40 ನಿಮಿಷ ಆದಾಗ ಅದರ ಉಷ್ಣತೆ ಎಷ್ಟು? ವಸ್ತು ಎಂದರೆ ಬಿಸಿಲುಗಾಲದ ಮಧ್ಯಾಹ್ನ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಮರೆತು ಇಟ್ಟ ಒಂದು ಲೋಟ ಕಾಫಿ ಎಂದುಕೊಳ್ಳಿ. ಏಳು ಅಂಕದ ಪ್ರಶ್ನೆ.

ನಮ್ಮ ಹುಡುಗ ಬರೆದದ್ದು ಎರಡೇ ಸಾಲು. 'ಗಾಳಿಗಿಂತ 40 ಹೆಚ್ಚು ಇದ್ದದ್ದು 20 ನಿಮಿಷದಲ್ಲಿ 20 ಆಯಿತು, ಅರ್ಧ. ಇನ್ನೂ 20 ನಿಮಿಷಕ್ಕೆ ಅದರ ಅರ್ಧ, 10. ಆದ್ದರಿಂದ ಉತ್ತರ 50 ಡಿಗ್ರಿ.'

ಉತ್ತರ ಸರಿ. ಸಂಪೂರ್ಣ ಸರಿ. ಸಿಕ್ಕಿದ್ದು 2 ಅಂಕ.

ತಂದೆಗೆ ಸಿಟ್ಟು ಬಂದದ್ದು ಇದಕ್ಕೇ. ನನಗಾದರೋ ಆ ಎರಡು ಸಾಲು ಓದಿ ಮೊದಲು ಸಂತೋಷವಾಯಿತು. ದಡ್ಡ ಹುಡುಗ ಹೀಗೆ ಯೋಚಿಸುವುದಿಲ್ಲ. ನಾನಾಗಿದ್ದರೆ ಪಕ್ಕದಲ್ಲಿ 'ಭೇಷ್' ಎಂದು ಬರೆದು, ಆಮೇಲೆ ಅದೇ 2 ಅಂಕ ಕೊಡುತ್ತಿದ್ದೆ. ಏಕೆಂದರೆ ಪ್ರಶ್ನೆ ಕೇಳಿರುವುದು ಉತ್ತರವನ್ನಲ್ಲ. ಯಾವ ನಿಯಮದ ಪ್ರಕಾರ ಕಾಫಿ ಆರುತ್ತದೆ ಎಂದು ಬರೆಯಬೇಕು. ಅದನ್ನು ಅವಕಲ ಸಮೀಕರಣವಾಗಿ ಬರೆಯಬೇಕು. ಉಷ್ಣತೆಯನ್ನೂ ಕಾಲವನ್ನೂ ಬೇರೆ ಬೇರೆ ಬದಿಗೆ ತಂದು ಅನುಕಲನ ಮಾಡಬೇಕು. ಆಗ ಒಂದು ಸ್ಥಿರಾಂಕ ಬರುತ್ತದೆ. ಶುರುವಿನ 80 ಡಿಗ್ರಿಯಿಂದ ಅದರ ಬೆಲೆ ಸಿಗುತ್ತದೆ. 20ನೆಯ ನಿಮಿಷದ 60 ಡಿಗ್ರಿಯಿಂದ, ಕಾಫಿ ಎಷ್ಟು ಬೇಗ ಆರುತ್ತದೆ ಎಂಬುದನ್ನು ಹೇಳುವ ಇನ್ನೊಂದು ಸ್ಥಿರಾಂಕ ಸಿಗುತ್ತದೆ. ಇಷ್ಟಾದ ಮೇಲೆ 40 ನಿಮಿಷ ಹಾಕಿದರೆ 50 ಡಿಗ್ರಿ. ಏಳು ಅಂಕವೂ ಈ ಮೆಟ್ಟಿಲುಗಳ ಮೇಲೆ ಹರಡಿಕೊಂಡಿರುತ್ತದೆ. ಕೊನೆಯ ಮೆಟ್ಟಿಲಿಗೆ ಇರುವುದು ಒಂದೋ ಎರಡೋ.

ಇದು ಮೇಷ್ಟ್ರ ಹಟ ಎಂದು ತಿಳಿಯಬೇಡಿ. ಅದೇ ಲೆಕ್ಕದಲ್ಲಿ 40 ನಿಮಿಷದ ಬದಲು 45 ನಿಮಿಷ ಎಂದು ಕೇಳಿದ್ದರೆ? ಅರ್ಧದ ಅರ್ಧ ಎಂಬ ಉಪಾಯ ಅಲ್ಲಿಗೆ ಮುಗಿಯಿತು. ಐದು ನಿಮಿಷಕ್ಕೆ ಎಷ್ಟು ಕಡಿಮೆಯಾಗುತ್ತದೆ ಎಂದು ಹುಡುಗ ಅಂದಾಜು ಮಾಡಬೇಕಾಗುತ್ತದೆ. ಮೆಟ್ಟಿಲು ಹತ್ತಿದವನಿಗೆ ಕ್ಯಾಲ್ಕುಲೇಟರ್ ಒತ್ತಿದರೆ 48.4 ಡಿಗ್ರಿ ಎಂದು ಸಿಗುತ್ತದೆ. ಮೂರನೆಯ ವರ್ಷದಲ್ಲಿ ಎಂಜಿನ್ನಿನ ಶಾಖದ ಲೆಕ್ಕ ಮಾಡುವಾಗ ಯಾವ ಸಂಖ್ಯೆಯೂ ಇಷ್ಟು ಅಚ್ಚುಕಟ್ಟಾಗಿ ಅರ್ಧವಾಗುವುದಿಲ್ಲ.

ಹಾಗಾದರೆ 97 ತೆಗೆದ ಹುಡುಗನಿಗೆ ಇದು ಏಕೆ ಹೊಳೆಯಲಿಲ್ಲ? ತಪ್ಪು ಅವನದಲ್ಲ ಎನ್ನುವುದೇ ನನ್ನ ವಾದ. ಅವನಿಗೆ ನಾವು ಎರಡು ವರ್ಷ ಬೇರೆಯೇ ವಿದ್ಯೆ ಕಲಿಸಿದ್ದೇವೆ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿದರೆ ಮುಗಿಯಿತು; ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ, ತಪ್ಪಾದರೆ ಅಂಕ ಕಳೆಯುವುದೂ ಇಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕದಷ್ಟೇ ತೂಕ ಸಿಇಟಿಗೂ ಇರುವುದರಿಂದ ಕೋಚಿಂಗಿನವರು ಕಲಿಸುವುದು ಉತ್ತರಕ್ಕೆ ಓಡುವ ಅಡ್ಡದಾರಿಗಳನ್ನೇ. ಹಣ ಕಟ್ಟಿದವರು ನಾವೇ. ಮೆಟ್ಟಿಲು ಹತ್ತುವವನನ್ನು ಅಲ್ಲಿ 'ನಿಧಾನ' ಎಂದು ಬೈಯುತ್ತಾರೆ.

ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರಿನ ಗಣಿತಪತ್ರಿಕೆ ನೋಡಿ. 2022ರ ಯೋಜನೆಯ ಪ್ರಕಾರ ಪಠ್ಯ ಐದು ಘಟಕ. ಪ್ರತಿ ಘಟಕದಿಂದ ಎರಡರಂತೆ ಒಟ್ಟು ಹತ್ತು ಪ್ರಶ್ನೆ, ಒಂದೊಂದಕ್ಕೂ 20 ಅಂಕ. ಘಟಕಕ್ಕೆ ಒಂದರಂತೆ ಐದು ಪೂರ್ಣ ಪ್ರಶ್ನೆಗೆ ಉತ್ತರಿಸಬೇಕು. ಸಮಯ ಮೂರು ಗಂಟೆ. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ 36 ನಿಮಿಷ. 80 ಸೆಕೆಂಡಿನ ಓಟಗಾರನನ್ನು ತಂದು 36 ನಿಮಿಷದ ಬೆಟ್ಟದ ಬುಡದಲ್ಲಿ ನಿಲ್ಲಿಸಿದ್ದೇವೆ, ನಡುವೆ ಎರಡು ತಿಂಗಳ ರಜೆಯಷ್ಟೇ. ಒಂದು ಘಟಕವನ್ನು ಪೂರ್ತಿ ಬಿಟ್ಟರೆ 20 ಅಂಕ ಹೋಯಿತು. ಬೇರೆ ಘಟಕದ ಎರಡನೆಯ ಪ್ರಶ್ನೆ ಬರೆದು ಅದನ್ನು ತುಂಬಿಸಲು ಬರುವುದಿಲ್ಲ. ಇದು ಗೊತ್ತಿಲ್ಲದೆ 'ನನಗೆ ಕ್ಯಾಲ್ಕುಲಸ್ ಚೆನ್ನಾಗಿ ಬರುತ್ತದೆ, ಎರಡೂ ಬರೆದೆ' ಎಂದು ಸಂಭ್ರಮದಿಂದ ಹೊರಬಂದು, ಆಮೇಲೆ ಅತ್ತವರನ್ನು ನಾನು ಬಲ್ಲೆ.

ಮೌಲ್ಯಮಾಪನ ಹೇಗೆ ನಡೆಯುತ್ತದೆ ಎಂಬುದನ್ನೂ ಸ್ವಲ್ಪ ಹೇಳುತ್ತೇನೆ. ಮೊದಲೆಲ್ಲ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆವು. ಆಮೇಲೆ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದುವ ಪದ್ಧತಿ ಬಂತು. ಎರಡರಲ್ಲೂ ಮೌಲ್ಯಮಾಪಕನ ಮುಂದೆ ಇರುವುದು ಒಂದು 'ಸ್ಕೀಮು'. ಯಾವ ಮೆಟ್ಟಿಲಿಗೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ. ವಿದ್ಯಾರ್ಥಿ ಎರಡನೆಯ ಮೆಟ್ಟಿಲಿನಲ್ಲಿ ಪ್ಲಸ್ ಬದಲು ಮೈನಸ್ ಹಾಕಿ, ಅಲ್ಲಿಂದ ಮುಂದೆ ದಾರಿ ತಪ್ಪದೆ ನಡೆದಿದ್ದರೆ, ಉತ್ತರ ತಪ್ಪಿದ್ದರೂ ಏಳಕ್ಕೆ ಐದು ಕೊಟ್ಟದ್ದು ಎಷ್ಟೋ ಸಲ. ಬರೀ ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದವನಿಗೆ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಹುಡುಗನ ತಲೆಯೊಳಗೆ ಇಳಿದು ನೋಡುವಂತಿಲ್ಲವಲ್ಲ! ನಾನೂ ಬಿ.ಎಸ್ಸಿ. ಮೊದಲ ವರ್ಷದಲ್ಲಿ ಇದೇ ಪೆಟ್ಟು ತಿಂದವನು. ಎಲ್ಲ ಉತ್ತರ ಸರಿ ಬಂದಿದೆ ಎಂದು ಮನೆಯಲ್ಲಿ ಹೇಳಿ, 41 ಅಂಕದ ಪಟ್ಟಿ ತಂದೆ. ಅಪ್ಪ ಮಾತಾಡದೆ ಎಲೆಅಡಿಕೆ ತಟ್ಟೆ ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಪಾಲಕರಿಗೆ ತಿಳಿದಿರಲೇಬೇಕಾದ ಒಂದು ಕೂಡುವ ಲೆಕ್ಕ. 'ಇಂಟರ್ನಲ್ಸ್ ಅಂದರೆ ಕಾಲೇಜಿನವರು ಸುಮ್ಮನೆ ಕೊಡುವ ಅಂಕ' ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಒಂದು ಕಾಲಕ್ಕೆ ಅದಕ್ಕೆ ಆಧಾರವಿತ್ತೇನೋ. 2010ರ ಯೋಜನೆಯಲ್ಲಿ ಒಟ್ಟು 125 ಅಂಕದಲ್ಲಿ ಆಂತರಿಕ ಅಂಕ 25 ಮಾತ್ರ. 2015ರಲ್ಲಿ 100ಕ್ಕೆ 20. ಎರಡೂ ಐದನೆಯ ಒಂದು ಪಾಲು. 2018ರ ಹೊತ್ತಿಗೆ ಅದು 40 ಆಯಿತು. 2021ರ ಮತ್ತು 2022ರ ಯೋಜನೆಗಳಲ್ಲಿ ಸರಿಯಾಗಿ ಅರ್ಧ, 50. ಸೆಮಿಸ್ಟರ್ ಕೊನೆಯ ಪರೀಕ್ಷೆ 100 ಅಂಕಕ್ಕೆ ನಡೆದರೂ ಅದನ್ನು 50ಕ್ಕೆ ಇಳಿಸುತ್ತಾರೆ. ಅಣ್ಣನ ಕಾಲದಲ್ಲಿ ಕೊನೆಯ ಒಂದು ತಿಂಗಳು ನಿದ್ದೆಗೆಟ್ಟು ಓದಿ ಪಾಸಾದ ಕಥೆಯನ್ನು ತಮ್ಮನಿಗೆ ಹೇಳಬೇಡಿ. ಅಣ್ಣ ಆಡಿದ ಆಟದ ನಿಯಮವೇ ಬೇರೆ.

ಪಾಸಾಗಲು ಬಾಗಿಲು ಎರಡು. ಆಂತರಿಕದಲ್ಲಿ 50ಕ್ಕೆ 20 ಬರಬೇಕು. ಬರದವರಿಗೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ 18 ಬರಬೇಕು. ಎರಡನ್ನೂ ದಾಟಿದರೆ ಪಾಸು ಎಂದುಕೊಂಡಿರಾ? 20ಕ್ಕೆ 18 ಕೂಡಿ ನೋಡಿ. 38. ಒಟ್ಟು 40 ಬೇಕೆಂಬುದು ಮೂರನೆಯ ನಿಯಮ. ಎರಡು ಬಾಗಿಲನ್ನೂ ದಾಟಿ ಅಂಗಳದಲ್ಲಿ ಎಡವಿ ಬಿದ್ದ ಹುಡುಗರಿದ್ದಾರೆ. ಫಲಿತಾಂಶ ನೋಡಿ 'ಎರಡರಲ್ಲೂ ಪಾಸ್ ಅಂಕ ಇದೆ, ಆದರೂ ಫೇಲು ಅಂತ ಬಂದಿದೆ, ಕಂಪ್ಯೂಟರ್ ತಪ್ಪಿರಬೇಕು' ಎಂದು ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಲು ಓಡುತ್ತಾರೆ. ಕಂಪ್ಯೂಟರ್ ತಪ್ಪಿಲ್ಲ.

ಮೇಲಿನ ಕಡೆಯಿಂದಲೂ ಇದೇ ಲೆಕ್ಕ ನಡೆಯುತ್ತದೆ. ಆಂತರಿಕದಲ್ಲಿ 30 ತೆಗೆದವನು ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದರೂ ಒಟ್ಟು 80ಕ್ಕೆ ನಿಲ್ಲುತ್ತಾನೆ. 90 ದಾಟಿದವರಿಗೆ ಸಿಗುವ 'ಓ' ದರ್ಜೆ ಅವನ ಪಾಲಿಗೆ ನವೆಂಬರಿನಲ್ಲೋ ಡಿಸೆಂಬರಿನಲ್ಲೋ, ಯಾವುದೋ ಟೆಸ್ಟಿನ ದಿನವೇ, ಸದ್ದಿಲ್ಲದೆ ಮುಗಿದುಹೋಗಿರುತ್ತದೆ. ಅದೇ ಆಂತರಿಕದಲ್ಲಿ 48 ಇದ್ದವನಿಗೆ ಪತ್ರಿಕೆಯಲ್ಲಿ 84 ಬಂದರೆ ಸಾಕು. ಗಣಿತಕ್ಕೆ 4 ಕ್ರೆಡಿಟ್. ಆ ಸೆಮಿಸ್ಟರಿನ ಒಟ್ಟು 20 ಕ್ರೆಡಿಟ್. 80ರ ಮೇಲೆ ಬಂದ 'ಎ ಪ್ಲಸ್'ಗೆ 9 ಪಾಯಿಂಟು, 40ರಲ್ಲಿ ಬಚಾವಾದ 'ಪಿ'ಗೆ 4. ಈ ಐದು ಪಾಯಿಂಟನ್ನು ನಾಲ್ಕರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿದರೆ ಸರಿಯಾಗಿ ಒಂದು. ಗಣಿತ ಒಂದರಿಂದಲೇ ಸೆಮಿಸ್ಟರಿನ ಸರಾಸರಿ 8.5 ಇದ್ದದ್ದು 7.5 ಆಗಬಹುದು. ಮುಂದೆ ಕೆಲಸ ಕೊಡಲು ಕಾಲೇಜಿಗೆ ಬರುವ ಕಂಪನಿಗಳು ಮೊದಲು ಕೇಳುವುದು ಈ ಸಂಖ್ಯೆಯನ್ನೇ.

ಆಂತರಿಕ ಅಂಕ ಬರೀ ಟೆಸ್ಟಿನಿಂದ ಬರುವುದಲ್ಲ ಎಂಬುದೂ ನೆನಪಿರಲಿ. ಟೆಸ್ಟಿನ ಅಂಕ ಇಳಿಸಿ, ಅಸೈನ್‌ಮೆಂಟ್ ಮತ್ತು ಲ್ಯಾಬಿನ ಅಂಕದ ಜತೆ ಕೂಡುತ್ತಾರೆ. ಹೌದು, ಗಣಿತಕ್ಕೂ ಲ್ಯಾಬು ಬಂದಿದೆ. ಪೈಥಾನ್‌ನಂಥ ತಂತ್ರಾಂಶದಲ್ಲಿ ವಕ್ರರೇಖೆ ಬರೆಯುವುದು, ಸಮೀಕರಣ ಬಿಡಿಸುವುದು. ಅಸೈನ್‌ಮೆಂಟನ್ನು ಪಕ್ಕದ ರೂಮಿನವನಿಂದ ನಕಲು ಮಾಡಿದರೂ ಅಂಕ ಬರುತ್ತದೆ ಎಂಬುದು ನಿಜವೇ. ಹಾಗೆ ಬಂದ ಅಂಕ ಟೆಸ್ಟಿನ ದಿನ ಕೈ ಕೊಡುತ್ತದೆ. ಹಾಜರಾತಿ ನೂರಕ್ಕೆ 85 ಇರಬೇಕು. ಊರ ಜಾತ್ರೆ, ಅಕ್ಕನ ಮದುವೆ, ಗೃಹಪ್ರವೇಶ ಎಂದು ವಾರಗಟ್ಟಲೆ ಕರೆಸಿಕೊಳ್ಳುವ ಪಾಲಕರು ಇದನ್ನು ಒಮ್ಮೆ ಲೆಕ್ಕ ಹಾಕಿಕೊಳ್ಳಲಿ.

ಸೀನಿಯರ್ ಹುಡುಗರ ನೋಟ್ಸಿನ ವಿಷಯದಲ್ಲೂ ಎಚ್ಚರ ಬೇಕು. 2022ರ ಯೋಜನೆಯಲ್ಲಿ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್-ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್ ಗುಂಪುಗಳಿಗೆ ಮೊದಲ ಸೆಮಿಸ್ಟರಿನ ಗಣಿತವೇ ಬೇರೆ ಬೇರೆ. ಕಂಪ್ಯೂಟರಿನವರಿಗೆ ಮಾಡ್ಯುಲರ್ ಅಂಕಗಣಿತ ಎಂಬ ಘಟಕವಿದೆ, ಉಳಿದವರಿಗಿಲ್ಲ. ಹಾಸ್ಟೆಲಿನ ಅಣ್ಣ ಪ್ರೀತಿಯಿಂದ ಕೊಟ್ಟ ನೋಟ್ಸು ನಿಮ್ಮ ಹುಡುಗನ ಪಠ್ಯದ್ದೇ ಆಗಿರಬೇಕೆಂದಿಲ್ಲ. ಸ್ವಾಯತ್ತ ಕಾಲೇಜಾದರೆ ಪ್ರಶ್ನೆಪತ್ರಿಕೆ, ಅಂಕ ಹಂಚಿಕೆ ಎಲ್ಲ ಅವರದೇ. ನಿಮ್ಮ ಮಗ ಅಥವಾ ಮಗಳು ಸೇರಿದ ವರ್ಷಕ್ಕೆ ಯಾವ ಯೋಜನೆ ಅನ್ವಯಿಸುತ್ತದೆ, ಅದರ ನಿಯಮವೇನು ಎಂದು ಕಾಲೇಜಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನಲ್ಲಿ ಮುಖ್ಯ ಪ್ರಶ್ನೆಗಳ ಕಟ್ಟೂ ಸಿಗುತ್ತದೆ. ಅದನ್ನು ನಾನು ಪೂರ್ತಿ ಹೀಗಳೆಯುವುದಿಲ್ಲ, ಕೊನೆಯ ವಾರ ಪುನರಾವರ್ತನೆಗೆ ಒದಗುತ್ತದೆ. ಮೊದಲ ವಾರವೇ ಅದನ್ನು ಕೊಂಡವನಿಗೆ ಗ್ರೇವಾಲ್ ಅವರ ದಪ್ಪ ಪುಸ್ತಕ ತೆರೆಯುವ ದಿನ ಬರುವುದೇ ಇಲ್ಲ, ಅಷ್ಟೇ.

ಇನ್ನು ಆ ತಂದೆಯ ಪ್ರಶ್ನೆಗಳು. ಮೇಷ್ಟ್ರಿಗೆ ಸಿಟ್ಟಿಲ್ಲ, ಬ್ಲೂ ಬುಕ್ ನೋಡಿದರೆ ಎರಡು ಕಡೆ ಅರ್ಧ ಅರ್ಧ ಅಂಕ ಕೈಹಿಡಿದು ಕೊಟ್ಟಂತೆಯೇ ಕಾಣುತ್ತದೆ. ಕಾಲೇಜು ಬದಲಾಯಿಸಿದರೂ ಕಾಫಿ ಇದೇ ರೀತಿ ಆರುತ್ತದೆ. ಟ್ಯೂಷನ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಯೋಚಿಸಿದೆ. ಆ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಧ್ರುವೀಯ ವಕ್ರರೇಖೆಗಳ ಪ್ರಶ್ನೆಯನ್ನು ಹುಡುಗ ಮುಟ್ಟಿಯೇ ಇರಲಿಲ್ಲ, ಪುಟ ಖಾಲಿ. ಅದು ಕಾಲೇಜಿನಲ್ಲಿ ಹೊಸದಾಗಿ ಕಲಿಯಬೇಕಾದ ಪಾಠ, ಪಿಯುಸಿಯ ಬಲದಿಂದ ಬರುವಂಥದ್ದಲ್ಲ. ಮೆಟ್ಟಿಲು ಬರೆಯದಿರುವುದು ಅಭ್ಯಾಸದ ದೋಷ, ಹದಿನೈದು ದಿನದಲ್ಲಿ ತಿದ್ದಬಹುದು. ಖಾಲಿ ಪುಟ ಬೇರೆ ಕಾಯಿಲೆ. 'ಗೊತ್ತಾಗಲಿಲ್ಲ' ಎಂದು ಕೈಯೆತ್ತಲು, ಪಿಯುಸಿಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದ ಹುಡುಗನಿಗೆ ನಾಚಿಕೆ. ತರಗತಿಯಲ್ಲಿ ಅರವತ್ತು ಮಂದಿ, ಎಲ್ಲರೂ ಅವರವರ ಊರಿನ ಮೊದಲಿಗರೇ. ಟ್ಯೂಷನ್ನಿಗೆ ಕಟ್ಟುವ ದುಡ್ಡು ಆ ನಾಚಿಕೆಯನ್ನು ಕಳೆಯಲಾರದು. ವಾರಕ್ಕೊಮ್ಮೆ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಸಂದೇಹ ಕೇಳಿ ಬಾ ಎಂದು ಹೇಳಿ, ಕೇಳಿದ್ದೇನು ಎಂದು ನೀವು ಭಾನುವಾರ ಫೋನಿನಲ್ಲಿ ವಿಚಾರಿಸಿ ಎಂದು ಬರೆದೆ. ಅಂಕ ಎಷ್ಟು ಎಂದು ಮಾತ್ರ ಎರಡನೆಯ ಟೆಸ್ಟಿನವರೆಗೆ ಕೇಳಬೇಡಿ.

ತಾಯಿಗೆ ಬೇರೆಯಾಗಿಯೇ ಒಂದು ಕಾಗದ ಹಾಕಿದೆ. 'ಅಮ್ಮಾ, ಹುಡುಗನ ಲೆಕ್ಕ ನೋಡಿದೆ. ಓದು ಬಿಡುವ ತಲೆ ಅದಲ್ಲ. ದಸರೆಯಲ್ಲಿ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಕಾಫಿಯ ಲೆಕ್ಕ ನಿಮಗೆ ಅರ್ಥವಾಗುವ ಹಾಗೆ ಹೇಳಿಸಿ. ನಿಮಗೆ ಅರ್ಥವಾಗದ ಕಡೆ ನಿಲ್ಲಿಸಿ, ಯಾಕಪ್ಪಾ ಎಂದು ಕೇಳಿ. ಅವನು ಬಿಟ್ಟ ಮೆಟ್ಟಿಲು ಅಲ್ಲೇ ಇರುತ್ತದೆ.' ಆಕೆ ಓದಿದ್ದು ಏಳನೆಯ ತರಗತಿ ಎಂದು ಆಮೇಲೆ ತಿಳಿಯಿತು. ಮೂರು ಕಡೆ ನಿಲ್ಲಿಸಿದರಂತೆ.

ಮೊನ್ನೆ ಎರಡನೆಯ ಟೆಸ್ಟಿನ ಬ್ಲೂ ಬುಕ್ಕಿನ ಜೆರಾಕ್ಸ್ ಬಂತು, ಈ ಸಲ ಹುಡುಗನೇ ಕಳಿಸಿದ್ದು. 25ಕ್ಕೆ 16. ದೊಡ್ಡ ಅಂಕವೇನಲ್ಲ, ಎರಡೂ ಟೆಸ್ಟ್ ಸೇರಿದರೆ 50ಕ್ಕೆ 24, ಬಾಗಿಲು ದಾಟುವಷ್ಟು. ಮೂರು ಸಮೀಕರಣಗಳನ್ನು ಬಿಡಿಸುವ ಲೆಕ್ಕವೊಂದನ್ನು ಎರಡು ಪುಟ ತುಂಬ ಸಾಲು ಸಾಲಾಗಿ ಬರೆದಿದ್ದಾನೆ. ಮೂರನೆಯ ಸಾಲಿನಲ್ಲಿ ಒಂದು ಮೈನಸ್ ಬಿಟ್ಟುಹೋಗಿ ಉತ್ತರ ತಪ್ಪಾಗಿದೆ. ಏಳಕ್ಕೆ 5 ಅಂಕ ಬಿದ್ದಿದೆ. ಆ ಮೈನಸ್ಸಿನ ಜಾಗದಲ್ಲಿ ಹುಡುಗನೇ ಪೆನ್ಸಿಲಿನಲ್ಲಿ ಸಣ್ಣದೊಂದು ಸುತ್ತು ಹಾಕಿದ್ದಾನೆ.